ಅರಿಸಿನ ಹತ್ತಿದ ಪಂಖ

ಪುಣೆಯಿಂದ ಹಡಪಸರ ದಾಟಿ, ದಿವೆ ಘಾಟ್ ಏರಿ ಹೋದರೆ ಸಾಸವಡ. ಮೂವತ್ತು ಕಿಲೋಮೀಟರ್ ಆಸುಪಾಸಿನ ದಾರಿ. ಕರ್ಹಾ ನದಿಯ ದಂಡೆಯ ಈ ಊರಲ್ಲಿ ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇದೆ. ಆಷಾಢದ ವಾರಿಯಲ್ಲಿ ಜ್ಞಾನೇಶ್ವರರ ಪಾಲಖಿ ಘಾಟ್ ಹತ್ತಿ ಬಂದು ಇಲ್ಲೇ ತಂಗುತ್ತದೆ. ನಮ್ಮ ಅಕ್ಕ ವಿಜಯಪುರದಿಂದ ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ನಾನು ಪುಣೆಯ ಕಾರ್ಖಾನೆಯೊಂದರ ಮೇಂಟೆನನ್ಸ್ ವಿಭಾಗದಲ್ಲಿದ್ದೇನೆ. ತಿಂಗಳಿಗೊಂದು ಭಾನುವಾರ ಅಕ್ಕನ ಮನೆಯ ಊಟ ತಪ್ಪಿಸುವುದಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಅಂಥದೊಂದು ಭಾನುವಾರ ಮನೆಯೊಳಗೆ ಕಾಲಿಡುತ್ತಲೇ ಸದ್ದು ಕೇಳಿಸಿತು. ಒಳಗಿನ ಕೋಣೆಯಿಂದ ಗರಗರ, ಗರಗರ. ನಡುವೆ ಒಂದು ಕ್ಷಣ ತಡೆದು ಮತ್ತೆ ಗರ್ರ್.

“ನೋಡಪಾ, ರಾತ್ರಿ ಪೂರಾ ಹಿಟ್ಟಿನ ಗಿರಣಿ ನಡದಂಗ ಆಗತೈತಿ. ಇವ ಆಟಾ ಆಡ್ತಾನ, ನಾವು ಎಚ್ಚರ ಇರ್ತೀವಿ” ಅಂದಳು ಅಕ್ಕ.

ಅಕ್ಕನ ಮಗ, ನನ್ನ ಅಳಿಯನ ಚಿಂತೆ ಬೇರೆ. “ಮಾಮಾ, ಗ್ರಾಫಿಕ್ಸ್ ಕಾರ್ಡ್ ಹೋತೇನೋ ಅನಸಾಕತ್ತೈತಿ. ಅಂಗಡ್ಯಾವರು ಡಬ್ಬಿ ಬಿಟ್ಟು ಹೋಗು, ನಾಕು ದಿನ ಬೇಕು ಅಂದ್ರು. ಕೂಲಿಂಗ್ ಪೂರಾ ಬದಲಿ ಮಾಡಬೇಕಾಗಬೋದು ಅಂತ.”

ಡಿಪ್ಲೊಮಾ ಓದುವ ಹುಡುಗ. ಎರಡು ವರ್ಷ ಹಣ ಕೂಡಿಸಿ, ಅಪ್ಪನಿಂದ ಉಳಿದದ್ದು ಪಡೆದು ಕಟ್ಟಿಸಿಕೊಂಡ ಗೇಮಿಂಗ್ ಕಂಪ್ಯೂಟರ್ ಅದು. ಅವನ ಮುಖ ನೋಡಿ ಊಟ ಆಮೇಲಾಗಲಿ ಅಂದೆ.

ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದು ಕೇಳುವುದನ್ನು. ದೊಡ್ಡ ಮೋಟಾರಿನ ಬೇರಿಂಗ್ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಯನ್ನು ಕಿವಿಯ ಹತ್ತಿರದ ಎಲುಬಿಗೆ ಒತ್ತಿದರೆ ಒಳಗೆ ಏನಾಗುತ್ತಿದೆ ಎಂಬುದು ತಿಳಿಯುತ್ತದೆ. ಕಂಪನ ಅಳೆಯುವ ಮೀಟರ್ ಬಂದಿವೆ, ನಿಜ. ಆದರೂ ಹಳೆಯ ಫಿಟ್ಟರುಗಳು ಮೊದಲು ಸ್ಕ್ರೂಡ್ರೈವರನ್ನೇ ಕೈಗೆತ್ತಿಕೊಳ್ಳುತ್ತಾರೆ. ಕಂಪ್ಯೂಟರಿನ ಪಂಖಕ್ಕೆ ಅಷ್ಟು ಬೇಕಿಲ್ಲ. ಹಳೆಯ ಪೇಪರಿನ ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಒಂದೊಂದೇ ಪಂಖದ ಹತ್ತಿರ ಒಯ್ದರೆ ಸಾಕು.

ಒಂದೊಂದೇ ಪಂಖ ಅಂದೆ. ಗೇಮಿಂಗ್ ಕಂಪ್ಯೂಟರಿನಲ್ಲಿ ಎಷ್ಟು ಪಂಖ ಇರುತ್ತವೆ ಎಂಬುದು ಅದನ್ನು ಬಳಸುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಅಳಿಯನ ಡಬ್ಬಿಯಲ್ಲಿ ಎಣಿಸಿದೆವು. ಮುಂದೆ ಎರಡು, ಹಿಂದೆ ಒಂದು, ನೆತ್ತಿಯ ಮೇಲೆ ಒಂದು, ಪ್ರೊಸೆಸರಿನ ಮೇಲೆ ಒಂದು, ಗ್ರಾಫಿಕ್ಸ್ ಕಾರ್ಡಿಗೆ ಎರಡು, ಪವರ್ ಸಪ್ಲೈ ಒಳಗೆ ಒಂದು. ಒಟ್ಟು ಎಂಟು. ಎಂಟರಲ್ಲಿ ಒಂದು ಕೆಟ್ಟರೂ ಇಡೀ ಯಂತ್ರವೇ ಕೆಟ್ಟಂತೆ ಕೇಳಿಸುತ್ತದೆ. ಅಂಗಡಿಯವರ ದೊಡ್ಡ ಬಿಲ್ಲು ಹುಟ್ಟುವುದೂ, ಮನೆಯವರ ಹೆದರಿಕೆ ಹುಟ್ಟುವುದೂ ಇಲ್ಲೇ.

ಸದ್ದಿನಲ್ಲೂ ಜಾತಿಗಳಿವೆ. ಟಕಟಕ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಯಾವುದೋ ವೈರು ಸಡಿಲಾಗಿ ರೆಕ್ಕೆಗೆ ತಾಗುತ್ತಿದೆ. ಒಂದು ಪ್ಲಾಸ್ಟಿಕ್ ಟೈ ಹಾಕಿ ಬಿಗಿದರೆ ಮುಗಿಯಿತು. ಝುಂ ಎನ್ನುವ ನಡುಕ, ಡಬ್ಬಿಯ ಮೇಲೆ ಅಂಗೈ ಇಟ್ಟಾಕ್ಷಣ ಕಡಿಮೆಯಾದರೆ ಸ್ಕ್ರೂ ಸಡಿಲಾಗಿದೆ, ಇಲ್ಲವೇ ರೆಕ್ಕೆಗೆ ಧೂಳು ಒಂದೇ ಬದಿಗೆ ಮೆತ್ತಿ ತೂಕ ತಪ್ಪಿದೆ. ಸುಂಯ್ ಎಂದು ಏರುತ್ತ ಇಳಿಯುತ್ತ ಇದ್ದರೆ ಪಂಖದಲ್ಲಿ ದೋಷವಿಲ್ಲ, ಅದರ ವೇಗ ನಿಯಂತ್ರಿಸುವ ಸೆಟ್ಟಿಂಗ್ ಸರಿಯಿಲ್ಲ. ಪಂಖ ನಿಲ್ಲಿಸಿದರೂ ಆಟದ ನಡುವೆ ಕೇಳುವ ಸಣ್ಣ ಕೀರಲು ದನಿ ಬಹುಮಟ್ಟಿಗೆ ಗ್ರಾಫಿಕ್ಸ್ ಕಾರ್ಡಿನ ಕಾಯಿಲ್‌ಗಳದು. ಅದಕ್ಕೆ ಪಂಖ ಬದಲಿಸಿ ಪ್ರಯೋಜನವಿಲ್ಲ. ಗರಗರ ಮಾತ್ರ ಬೇರಿಂಗಿನದು. ಅಳಿಯನನ್ನು ಕೇಳಿದೆ, ಇದು ಯಾವಾಗಿನಿಂದ? ಡಿಸೆಂಬರಿನ ಚಳಿಯಲ್ಲಿ ಬೆಳಿಗ್ಗೆ ಚಾಲೂ ಮಾಡಿದಾಗ ಹತ್ತು ನಿಮಿಷ ಗರಗರ ಅಂದು ಆಮೇಲೆ ಸುಮ್ಮನಾಗುತ್ತಿತ್ತಂತೆ. ಈಗ ಸುಮ್ಮನಾಗುವುದೇ ಇಲ್ಲ. ಬೇರಿಂಗ್ ಸವೆಯುವಾಗ ಹೇಳಿಕೊಳ್ಳುವ ಕತೆ ಇದೇ. ಒಳಗಿನ ಎಣ್ಣೆ ಕಡಿಮೆಯಾಗಿರುತ್ತದೆ, ಚಳಿಗೆ ಗಟ್ಟಿಯಾಗಿರುತ್ತದೆ; ಬಿಸಿಯಾದಾಗ ತೆಳುವಾಗಿ ಹರಡಿ ಸ್ವಲ್ಪ ಹೊತ್ತು ಕಾಪಾಡುತ್ತದೆ. ಪೂರ್ತಿ ತೀರಿದ ಮೇಲೆ ಕಾಪಾಡಲು ಏನೂ ಉಳಿಯುವುದಿಲ್ಲ.

ಪೇಪರ್ ಕೊಳವೆ ನೆತ್ತಿಯ ಪಂಖದ ಬಳಿ ಹೋದಾಗ ಕಿವಿಯೊಳಗೆ ಗಿರಣಿಯೇ ನಡೆಯಿತು. ಅಳಿಯನ ಕಿವಿಗೂ ಕೊಟ್ಟೆ. ಗ್ರಾಫಿಕ್ಸ್ ಕಾರ್ಡಿನ ಹತ್ತಿರ ಬರೀ ಗಾಳಿಯ ಸದ್ದು. ಹುಡುಗ ನಿಟ್ಟುಸಿರು ಬಿಟ್ಟ.

ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಒಳಗೆ ಉಳಿದ ವಿದ್ಯುತ್ತು ಇಳಿಸಿದೆವು. ಮೈಮೇಲಿನ ಸ್ಥಾಯಿ ವಿದ್ಯುತ್ತು ಹೋಗಲೆಂದು ಡಬ್ಬಿಯ ಬರಿ ಲೋಹಕ್ಕೆ ಕೈ ತಾಗಿಸಿದೆವು. ಪಕ್ಕದ ಗಾಜಿನ ಬಾಗಿಲು ತೆಗೆದು, ನೆತ್ತಿಯ ಜಾಳಿಗೆ ಎತ್ತಿದಾಗ ಮೂವರೂ ಒಂದು ಗಳಿಗೆ ಸುಮ್ಮನೆ ನಿಂತೆವು. ಪಂಖ ಹಳದಿಯಾಗಿತ್ತು. ಏಳೂ ರೆಕ್ಕೆಗಳ ಮೇಲೆ ಅರಿಸಿನದ ಪದರ, ಅದರ ಮೇಲೆ ಬೂದು ಧೂಳು, ಅಂಚಿಗೆ ಊದಿನಕಡ್ಡಿಯ ಹೊಗೆಯ ಅಂಟು. ನಡುವಿನ ಗುಂಬದಲ್ಲಿ ಕುಂಕುಮದ ಒಂದು ಚುಕ್ಕೆ ಇನ್ನೂ ಕೆಂಪಾಗಿತ್ತು. ಕೆಳಗೆ, ಗ್ರಾಫಿಕ್ಸ್ ಕಾರ್ಡಿನ ಬೆನ್ನಿನ ಮೇಲೆ ಮೂರು ಅಕ್ಷತೆ ಕಾಳು.

ಖಂಡೇನವಮಿಯ ಪೂಜೆ ಅದು. ನಮ್ಮ ಕಡೆ ಕುಡಗೋಲು, ನೇಗಿಲು, ಗಾಡಿ, ಮಿಶಿನ್ನು ಎಲ್ಲಕ್ಕೂ ಅರಿಸಿನ ಕುಂಕುಮ ಏರುವಂತೆ ಇಲ್ಲಿಯೂ ಏರುತ್ತದೆ. ದುಡಿದು ತಂದುಕೊಂಡದ್ದಕ್ಕೆ ಕೈ ಮುಗಿಯುವ ಪದ್ಧತಿ ನನಗೆ ಬಹಳ ಪ್ರಿಯ, ಅದು ಇರಬೇಕು. ಸಾಸವಡದಿಂದ ಜೇಜುರಿಯೂ ದೂರವಿಲ್ಲ. ಖಂಡೋಬಾನ ಗುಡ್ಡದಲ್ಲಿ ಭಂಡಾರ ಹಾರಿಸುವಾಗ ಮೆಟ್ಟಿಲುಗಳೇ ಹಳದಿಯಾಗುತ್ತವೆ. ನಾವು ಮೈಲಾರಲಿಂಗನಿಗೆ ಏಳುಕೋಟಿ ಅನ್ನುವುದನ್ನು ಅಲ್ಲಿಯವರು ಯೇಳಕೋಟ ಅನ್ನುತ್ತಾರೆ. ದೇವರೂ ಒಬ್ಬನೇ, ಅರಿಸಿನವೂ ಒಂದೇ. ಮೂರು ವರ್ಷ ಅಕ್ಕ ಶ್ರದ್ಧೆಯಿಂದ ಈ ಡಬ್ಬಿಯ ನೆತ್ತಿಗೆ ಭಂಡಾರ ಇಟ್ಟಿದ್ದಾಳೆ. ನೆತ್ತಿಯಲ್ಲಿ ಜಾಳಿಗೆ, ಜಾಳಿಗೆಯ ಕೆಳಗೆ ಬಾಯಿ ತೆರೆದ ಪಂಖ. ಯಂತ್ರ ನಿಂತಿರುವಾಗ ಇಟ್ಟದ್ದೆಲ್ಲ ನೆಟ್ಟಗೆ ಒಳಗೆ ಉದುರಿದೆ.

“ಹಂಗಾರ ನನ್ನಿಂದ ಹಾಳಾತೇನೋ?” ಅಂದಳು ಅಕ್ಕ. ಧ್ವನಿ ಸಣ್ಣದಾಗಿತ್ತು.

ಅಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಏಕೆಂದರೆ ಕಾರಣ ಪಂಖದ ಹೊಟ್ಟೆಯಲ್ಲಿದೆ.

ಅಗ್ಗದ ಪಂಖಗಳಲ್ಲಿ ಇರುವುದು ಸ್ಲೀವ್ ಬೇರಿಂಗ್. ಲೋಹದ ಸಣ್ಣ ಕೊಳವೆ, ಅದರೊಳಗೆ ತಿರುಗುವ ಕಡ್ಡಿ, ನಡುವೆ ಒಂದು ತೊಟ್ಟು ಎಣ್ಣೆ. ನಮ್ಮ ಎತ್ತಿನ ಬಂಡಿಯ ಗಾಲಿಯ ತತ್ವವೇ. ಅಚ್ಚಿನ ಮೇಲೆ ಗುಂಬ ತಿರುಗಬೇಕು, ನಡುವೆ ಕೀಲೆಣ್ಣೆ ಇರಬೇಕು. ಕೀಲೆಣ್ಣೆ ಒಣಗಿದ ಬಂಡಿ ದೂರದಿಂದಲೇ ಕಿರುಗುಟ್ಟುತ್ತ ಬರುವುದು ಹಳ್ಳಿ ಕಂಡವರಿಗೆ ಗೊತ್ತು. ಬಂಡಿ ನಿಂತರೆ ಎಣ್ಣೆ ಬಿಡಬಹುದು. ಪಂಖಕ್ಕೆ ಕಾರ್ಖಾನೆಯಲ್ಲಿ ಹಾಕಿದ್ದೇ ಜೀವಮಾನದ ಎಣ್ಣೆ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 1200 ಸುತ್ತು ಎಂದರೆ ಗಂಟೆಗೆ 72,000. ದಿನಕ್ಕೆ 6 ಗಂಟೆ ನಡೆದರೆ ವರ್ಷಕ್ಕೆ 15 ಕೋಟಿಗೂ ಹೆಚ್ಚು ಸುತ್ತು. ಅಂಗೈಯಗಲದ ಆ ಪಂಖದ ರೆಕ್ಕೆಯ ತುದಿ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ.

ಇಂಥ ಬೇರಿಂಗ್ ನಿಂತ ಪಂಖಕ್ಕೆ ಒಗ್ಗುತ್ತದೆ, ಮಲಗಿದ ಪಂಖಕ್ಕೆ ಒಗ್ಗುವುದಿಲ್ಲ. ಮುಂದಿನ, ಹಿಂದಿನ ಪಂಖಗಳು ಗೋಡೆಯಂತೆ ನಿಂತಿರುತ್ತವೆ, ಕಡ್ಡಿ ಅಡ್ಡಲಾಗಿರುತ್ತದೆ. ನೆತ್ತಿಯ ಪಂಖ ತಟ್ಟೆಯಂತೆ ಮಲಗಿರುತ್ತದೆ, ಕಡ್ಡಿ ನೆಟ್ಟಗಿರುತ್ತದೆ. ಎಣ್ಣೆ ಮೆಲ್ಲಗೆ ಕೆಳಗಿಳಿಯುತ್ತದೆ, ರೆಕ್ಕೆಯ ಭಾರ ಒಂದೇ ತುದಿಗೆ ಬೀಳುತ್ತದೆ. ಮೇಲಾಗಿ ಒಳಗಿನ ಬಿಸಿಗಾಳಿಯೆಲ್ಲ ಅದರ ಮೈಮೇಲೇ ಹಾದುಹೋಗಬೇಕು. ಅರಿಸಿನ ಇಲ್ಲದಿದ್ದರೂ ಈ ಪಂಖವೇ ಮೊದಲು ಸೋಲುತ್ತಿತ್ತು. ಅರಿಸಿನ ಅದನ್ನು ಬೇಗ ಮಾಡಿರಬಹುದು, ಅಷ್ಟೇ.

ಇದರ ಬದಲಿಗೆ ಬಾಲ್ ಬೇರಿಂಗ್ ಇದೆ. ಬಾಳಿಕೆ ಜಾಸ್ತಿ, ಮಲಗಿಸಿದರೂ ಚಿಂತೆಯಿಲ್ಲ, ಆದರೆ ಗುಂಡುಗಳ ಸಣ್ಣ ಸದ್ದು ಹೊಸದರಲ್ಲೇ ಇರುತ್ತದೆ. ಮೂರನೆಯದು ಫ್ಲೂಯಿಡ್ ಡೈನಾಮಿಕ್ ಬೇರಿಂಗ್. ಕೊಳವೆಯ ಒಳಮೈಗೆ ಬಲು ಸಣ್ಣ ಗೀರುಗಳನ್ನು ಕೊರೆದಿರುತ್ತಾರೆ. ಕಡ್ಡಿ ತಿರುಗಿದಾಗ ಎಣ್ಣೆ ಆ ಗೀರುಗಳಲ್ಲಿ ಒತ್ತಿಕೊಂಡು ಕಡ್ಡಿಯನ್ನು ಲೋಹಕ್ಕೆ ತಾಗದಂತೆ ತೇಲಿಸುತ್ತದೆ. ಎಣ್ಣೆ ಹೊರಗೆ ಸೋರದಂತೆ ಮುಚ್ಚಿಗೆಯೂ ಬಿಗಿ. ಆಸ್ಟ್ರಿಯಾದ ನೊಕ್ಟುವಾ ಕಂಪನಿ ಇದರ ಜೊತೆ ಒಂದು ಆಯಸ್ಕಾಂತವನ್ನೂ ಸೇರಿಸಿ ಕಡ್ಡಿಯನ್ನು ನಡುವಿಗೇ ನಿಲ್ಲಿಸುತ್ತದೆ. ಅವರ ಕಂದು ಬಣ್ಣದ ಪಂಖಗಳಿಗೆ 6 ವರ್ಷದ ವಾರಂಟಿ. ಬೆಲೆಯೂ ಹಾಗೇ ಇದೆ. ಎಲ್ಲರಿಗೂ ಅದು ಬೇಕಿಲ್ಲ, ಆದರೆ ನೆತ್ತಿಗೆ ಹಾಕುವ ಪಂಖಕ್ಕೆ ಸ್ಲೀವ್ ಬೇಡ ಎಂಬುದು ನನ್ನ ಖಚಿತ ಮಾತು.

ಎಣ್ಣೆ ಬಿಟ್ಟರೆ ಆಗದೇ ಎಂದು ಅಕ್ಕ ಕೇಳಿದಳು. ಸ್ಟಿಕ್ಕರ್ ಎತ್ತಿ ಹೊಲಿಗೆ ಮಿಶಿನ್ನಿನ ಎಣ್ಣೆ ಒಂದು ತೊಟ್ಟು ಬಿಟ್ಟರೆ ಕೆಲವು ದಿನ ನಡೆಯುತ್ತದೆ, ಹೊಸದು ಸಿಗುವವರೆಗೆ ಅದು ಸರಿ. ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಸಾಸವಡದ ಚಳಿಗಾಲದ ಬೆಳಗಿನಲ್ಲಿ ಪಂಖ ತಿರುಗಲೇ ಒಲ್ಲೆ ಎನ್ನುತ್ತದೆ.

ಒಂದು ಪಂಖ ನಿಂತರೆ ಏನಾಯಿತು, ಇನ್ನೂ ಏಳಿವೆಯಲ್ಲ ಎಂದು ಕೇಳಬಹುದು. ಅಳಿಯನ ಗ್ರಾಫಿಕ್ಸ್ ಕಾರ್ಡ್ ಎನ್ವಿಡಿಯಾದ ಆರ್‌ಟಿಎಕ್ಸ್ 3060. ಅದೊಂದಕ್ಕೇ 170 ವ್ಯಾಟ್. ಉಳಿದದ್ದೆಲ್ಲ ಸೇರಿ ಜೋರು ಆಟದ ನಡುವೆ 300 ವ್ಯಾಟ್ ಹತ್ತಿರ ಹೋಗುತ್ತದೆ. ಅಷ್ಟೂ ವಿದ್ಯುತ್ತು ಕೊನೆಗೆ ಶಾಖವೇ ಆಗುತ್ತದೆ. ಹಳೆಯ ಕಾಲದ ನೂರು ವ್ಯಾಟಿನ ಮೂರು ಬಲ್ಬುಗಳನ್ನು ಒಂದು ಟ್ರಂಕಿನಲ್ಲಿಟ್ಟು ಮುಚ್ಚಿದಂತೆ. ಆ ಶಾಖವನ್ನು, ಒಳಗಿನ ಗಾಳಿ ಕೋಣೆಗಿಂತ 10 ಡಿಗ್ರಿ ಮಾತ್ರ ಹೆಚ್ಚು ಬಿಸಿಯಾಗುವಂತೆ ಹೊರಹಾಕಬೇಕಾದರೆ ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಸಾಗಬೇಕು. ಸೆಕೆಂಡಿಗೆ ಎರಡು ಕೊಡ ಗಾಳಿ ಅನ್ನಿ. ಪಂಖ ಗಾಳಿಯನ್ನು ತಂಪು ಮಾಡುವುದಿಲ್ಲ, ಬಿಸಿಯಾದದ್ದನ್ನು ಒಯ್ದು ಬೇರೆಯದನ್ನು ತರುತ್ತದೆ. ಕೋಣೆಯೇ 38 ಡಿಗ್ರಿ ಇದ್ದರೆ ಚಿಪ್ಪಿನ ಲೆಕ್ಕ ಅಲ್ಲಿಂದಲೇ ಶುರು. ಚಿಪ್ಪು 90ರಿಂದ 100 ಡಿಗ್ರಿಯ ನಡುವಿನ ತನ್ನ ಗೆರೆ ಮುಟ್ಟಿದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟ ತಡವರಿಸುತ್ತದೆ, ಉಳಿದ ಪಂಖಗಳು ಮೈಮುರಿದು ದುಡಿಯುತ್ತವೆ, ಮನೆಯ ಸದ್ದು ಮತ್ತೂ ಹೆಚ್ಚುತ್ತದೆ.

ಪಂಖವಿಲ್ಲದ ಕಂಪ್ಯೂಟರಿನ ಕನಸು ಹಳೆಯದು. ಸ್ಟೀವ್ ಜಾಬ್ಸ್ ಅವರಿಗೆ ಪಂಖದ ಸದ್ದೆಂದರೆ ಆಗುತ್ತಿರಲಿಲ್ಲ. 1977ರ ಆಪಲ್ 2 ಯಂತ್ರಕ್ಕೆ ಪಂಖವಿರಲಿಲ್ಲ. ಕಡಿಮೆ ಬಿಸಿಯಾಗುವ ಪವರ್ ಸಪ್ಲೈಯನ್ನು ರಾಡ್ ಹೋಲ್ಟ್ ಮಾಡಿಕೊಟ್ಟಿದ್ದರು. 1984ರ ಮೊದಲ ಮ್ಯಾಕಿಂಟಾಷ್‌ಗೂ ಪಂಖವಿರಲಿಲ್ಲ. ಆದರೆ ಆ ಚಿಪ್ಪುಗಳ ಹಸಿವು ಕೆಲವೇ ವ್ಯಾಟುಗಳದು. ಈಗಿನ ಹಸಿವಿಗೆ ಗಾಳಿ ಬೇಕು, ಇಲ್ಲವೇ ನೀರು. ನಮ್ಮ ಪುಣೆಯದೇ ಉದಾಹರಣೆ ಇದೆ: ಸಿ-ಡ್ಯಾಕ್ 1991ರಲ್ಲಿ ದೇಶದ ಪರಮ್ 8000 ಸೂಪರ್‌ಕಂಪ್ಯೂಟರ್ ಕಟ್ಟಿದ ಇದೇ ಊರಿನ ಐಸರ್ ವಿಜ್ಞಾನ ಸಂಸ್ಥೆಯಲ್ಲಿ ಇಂದು ಇರುವ ಪರಮ್ ಬ್ರಹ್ಮ, ಚಿಪ್ಪಿನ ಬೆನ್ನಿಗೇ ದ್ರವ ಹರಿಸಿ ತಂಪಾಗುತ್ತದೆ. ಸಾಸವಡದ ಕೋಣೆಗೆ ಪಂಖವೇ ಸಾಕು, ಸರಿಯಾದದ್ದು ಇರಬೇಕು.

ಮುಂದಿನ ವಾರ ಪುಣೆಯ ಬುಧವಾರ ಪೇಠೆಗೆ ಹೋದೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ನಮಗೆ ತಾಪಕೀರ್ ಗಲ್ಲಿ ಹಾಗೆ. ಕೊಳ್ಳುವ ಮೊದಲು ಅಳತೆ ನೋಡಬೇಕು. ಪಂಖದ ಚೌಕಟ್ಟಿನ ಒಂದು ಬದಿ 120 ಮಿಲಿಮೀಟರ್, ದಪ್ಪ 25, ಸ್ಕ್ರೂ ತೂತುಗಳ ನಡುವೆ 105. ಇದೇ ಹೆಚ್ಚು ಬಳಕೆಯ ಅಳತೆ, 140ರದ್ದು ಬೇರೆ. ಆಮೇಲೆ ಪಿನ್ನು. ಮೂರು ಪಿನ್ನಿನದರಲ್ಲಿ ಒಂದು ಅರ್ಥ್, ಒಂದು 12 ವೋಲ್ಟ್, ಒಂದು ವೇಗ ಹೇಳುವ ತಂತಿ; ವೋಲ್ಟೇಜ್ ಏರಿಸಿ ಇಳಿಸಿಯೇ ಅದರ ವೇಗ ಬದಲಿಸಬೇಕು. ನಾಲ್ಕು ಪಿನ್ನಿನದಕ್ಕೆ 12 ವೋಲ್ಟ್ ಸದಾ ಇರುತ್ತದೆ, ನಾಲ್ಕನೆಯ ತಂತಿಯಲ್ಲಿ ಸೆಕೆಂಡಿಗೆ 25,000 ಸಲ ಮಿಡಿಯುವ ಸಂಕೇತ ಬಂದು ಎಷ್ಟು ಓಡಬೇಕೆಂದು ಹೇಳುತ್ತದೆ. ನಾನು ನಾಲ್ಕು ಪಿನ್ನಿನ, ಫ್ಲೂಯಿಡ್ ಬೇರಿಂಗಿನದೊಂದನ್ನು ಸಾವಿರ ರೂಪಾಯಿಯೊಳಗೆ ತಂದೆ. ಬಣ್ಣದ ದೀಪದ ಪಂಖ ಬೇಕೆಂದು ಅಳಿಯನ ಆಸೆಯಿತ್ತು. ದೀಪದ ಪ್ಲಗ್ಗಿನಲ್ಲಿ 5 ವೋಲ್ಟಿನದು, 12 ವೋಲ್ಟಿನದು ಎಂದು ಎರಡು ಬಗೆ. ಅದಲುಬದಲಾದರೆ ದೀಪ ಸುಟ್ಟುಹೋಗಬಹುದು ಎಂದು ಹೇಳಿದ ಮೇಲೆ ದೀಪವಿಲ್ಲದ್ದಕ್ಕೇ ಒಪ್ಪಿದ.

ಕೂಡಿಸುವ ಕೆಲಸ ಅವನದೇ ಎಂದು ಸ್ಟಾರ್ ಸ್ಕ್ರೂಡ್ರೈವರ್ ಕೈಗೆ ಕೊಟ್ಟು ಪಕ್ಕಕ್ಕೆ ಕೂತೆ. ಮೊದಲು ಹಳೆಯ ಪಂಖದ ಪ್ಲಗ್ಗನ್ನು ವೈರು ಜಗ್ಗದೆ, ಪ್ಲಗ್ಗನ್ನೇ ಹಿಡಿದು ಮದರ್‌ಬೋರ್ಡಿನಿಂದ ಕಿತ್ತ. ನಾಲ್ಕು ಸ್ಕ್ರೂ ಬಿಚ್ಚಿದ. ಬ್ಲೋವರಿನಿಂದ ಧೂಳು ಊದುವಾಗ ಉಳಿದ ಪಂಖಗಳ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಲು ಹೇಳಿದೆ. ಗಾಳಿಗೆ ಅವು ತಮ್ಮ ಮಿತಿ ಮೀರಿ ತಿರುಗಿದರೆ ಬೇರಿಂಗೂ ಕೆಡುತ್ತದೆ, ಮೋಟಾರು ಡೈನಮೋದಂತೆ ವಿದ್ಯುತ್ತು ಹುಟ್ಟಿಸಿ ಬೋರ್ಡಿಗೆ ಕಳಿಸಲೂಬಹುದು. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಗೊಡಲಿಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರುಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ತು ಉಳಿದಿರಬಹುದು. ಅದರ ಪಂಖ ಕೆಟ್ಟರೆ ಬಲ್ಲವರಿಗೇ ಕೊಡಬೇಕು.

ಹೊಸದನ್ನು ಯಾವ ಮುಖವಾಗಿ ಇಡಬೇಕು ಎಂಬಲ್ಲಿ ಅವನು ತಡೆದ. ರೆಕ್ಕೆ ಬಿಚ್ಚಾಗಿ ಕಾಣುವ ಕಡೆಯಿಂದ ಗಾಳಿ ಒಳಗೆ ಬರುತ್ತದೆ, ನಡುವಿನ ಸ್ಟಿಕ್ಕರನ್ನು ಹಿಡಿದ ಅಡ್ಡಪಟ್ಟಿಗಳಿರುವ ಕಡೆಯಿಂದ ಹೊರಗೆ ಹೋಗುತ್ತದೆ. ನೆತ್ತಿಯದು ಹೊರಹಾಕುವ ಪಂಖ, ಆದ್ದರಿಂದ ಅಡ್ಡಪಟ್ಟಿ ಮೇಲಕ್ಕೆ. ಎಷ್ಟೋ ಮನೆಗಳಲ್ಲಿ ಇದು ತಿರುವುಮುರುವಾಗಿ, ಹೊಸ ಪಂಖ ಹಾಕಿಯೂ ಡಬ್ಬಿ ಮೊದಲಿಗಿಂತ ಬಿಸಿಯಾದದ್ದುಂಟು. ಮೂಲೆಗಳಿಗೆ ರಬ್ಬರಿನ ಗುಂಡಿ ಹಾಕಿ, ನಾಲ್ಕೂ ಸ್ಕ್ರೂಗಳನ್ನು ಮೊದಲು ಸಡಿಲಾಗಿ ಕೂಡಿಸಿ, ಆಮೇಲೆ ಕರ್ಣರೇಖೆಯಂತೆ ಎದುರುಬದುರು ಬಿಗಿದ. ಪ್ಲಾಸ್ಟಿಕ್ಕಿನಲ್ಲಿ ತಾನೇ ದಾರಿ ಕೊರೆದುಕೊಳ್ಳುವ ಸ್ಕ್ರೂ ಅದು, ಅತಿ ಬಿಗಿದರೆ ಚೌಕಟ್ಟು ಸೀಳುತ್ತದೆ.

ಚಾಲೂ ಮಾಡಿದಾಗ ಗರಗರ ಇರಲಿಲ್ಲ, ಆದರೆ ಸುಂಯ್ ಎಂಬ ಓಟ ಇತ್ತು. ಬಯೋಸ್‌ಗೆ ಹೋಗಿ ನೋಡಿದರೆ ಪಂಖಕ್ಕೆ ಪೂರ್ತಿ ವೇಗ ನಿಗದಿಯಾಗಿತ್ತು. 50 ಡಿಗ್ರಿಯವರೆಗೆ ನಿಧಾನ, ಅಲ್ಲಿಂದ ಮೆಲ್ಲಗೆ ಏರು, 80ಕ್ಕೆ ಪೂರ್ತಿ ಎಂದು ಗೆರೆ ಎಳೆದೆವು. ವೇಗ ಅರ್ಧಕ್ಕೆ ಇಳಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಅರ್ಧ ಸದ್ದು ಅನಿಸುತ್ತದೆ. ಒಂದು ಪಂಖವನ್ನು ಓಡಿಸುವುದಕ್ಕಿಂತ ಎರಡನ್ನು ನಡೆಸುವುದು ಲೇಸು ಎಂಬ ಲೆಕ್ಕ ಹುಟ್ಟಿದ್ದು ಇಲ್ಲಿಂದ.

ಆಟ ಹಚ್ಚಿ ಪಂಖ 1200 ಸುತ್ತಿಗೆ ಬಂದಾಗ ಒಂದು ಸಣ್ಣ ದನಿ ಉಳಿದಿತ್ತು. ಕಿವಿಗೊಟ್ಟೆ. ಸೆಕೆಂಡಿಗೆ 20 ಸುತ್ತು, ಏಳು ರೆಕ್ಕೆ. ಸೆಕೆಂಡಿಗೆ 140 ಸಲ ಗಾಳಿ ಮಿಡಿಯುತ್ತದೆ. ಹಾರ್ಮೋನಿಯಮ್ಮಿನ ಕಪ್ಪು ಒಂದರ ಖರ್ಜ 138ರ ಆಸುಪಾಸು, ಗಂಡು ಗಾಯಕರು ಬಹಳ ಮಂದಿ ತಂಬೂರಿ ಕೂಡಿಸಿಕೊಳ್ಳುವ ಶ್ರುತಿ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಸಂಗೀತೋತ್ಸವಕ್ಕೆ ಪ್ರತಿ ಡಿಸೆಂಬರ್ ನಾನು ಹೋಗುತ್ತೇನೆ. ಬಯಲಿನಲ್ಲಿ ಗಾಯನಕ್ಕೆ ಮೊದಲು ತಂಬೂರಿ ಸೇರುವ ಆ ಗಳಿಗೆಗಾಗಿಯೇ ಕಾಯುತ್ತೇನೆ. ಕೆಟ್ಟ ಬೇರಿಂಗಿನ ಸದ್ದಿಗೆ ಇಂಥ ಒಂದು ನೆಲೆಯಾದ ಸ್ವರ ಇರುವುದಿಲ್ಲ, ಅದಕ್ಕೇ ಅದು ನಿದ್ದೆ ಕೆಡಿಸುತ್ತದೆ. ಈ ದನಿಗೆ ಅಕ್ಕ ಪಕ್ಕದ ಕೋಣೆಯಲ್ಲಿ ಆಗಲೇ ಮಲಗಿದ್ದಳು.

ಹಳೆಯ ಪಂಖವನ್ನು ಅಳಿಯ ಎಸೆಯಲಿಲ್ಲ. ಸ್ಟಿಕ್ಕರ್ ಕಿತ್ತು, ಕೆಳಗಿನ ರಬ್ಬರ್ ಮುಚ್ಚಳ ತೆಗೆದು, ಕಡ್ಡಿಯ ತುದಿಗೆ ಕಚ್ಚಿಕೊಂಡ ಸೀಳುಬಳೆಯನ್ನು ಸೂಜಿಯಿಂದ ಎಬ್ಬಿಸಿದಾಗ ರೆಕ್ಕೆ ಕೈಗೆ ಬಂತು. ಗುಂಬದ ಒಳಗೆ ಆಯಸ್ಕಾಂತದ ಉಂಗುರ, ಚೌಕಟ್ಟಿನ ಮೇಲೆ ತಾಮ್ರದ ತಂತಿ ಸುತ್ತಿದ ನಾಲ್ಕು ಕಂಬ. ಕಡ್ಡಿಯ ಬುಡದಲ್ಲಿ ಸೋರಿದ ಎಣ್ಣೆಗೆ ಅರಿಸಿನ ಕಲೆತು ಹಳದಿ ಮುದ್ದೆ, ಕೊಳವೆಯೊಳಗೆ ಕಪ್ಪು ಕೆಸರು. ಒರೆಸಿ ಬೆಳಕಿಗೆ ಹಿಡಿದರೆ ಉಕ್ಕಿನ ಕಡ್ಡಿಯ ಒಂದೇ ಮಗ್ಗುಲಿಗೆ ಉಗುರಿಗೆ ಸಿಗುವಷ್ಟು ಗೀರು.

ಮೊನ್ನೆಯ ಖಂಡೇನವಮಿಗೆ ಹೋಗಿದ್ದೆ. ಹುಡುಗ ಹಿಂದಿನ ದಿನವೇ ಡಬ್ಬಿಯ ಜಾಳಿಗೆಗಳನ್ನು ಬಿಚ್ಚಿ ನಲ್ಲಿಯಲ್ಲಿ ತೊಳೆದು, ತುಳಸಿಕಟ್ಟೆಯ ಮೇಲೆ ಬಿಸಿಲಿಗೆ ಒಣಹಾಕಿದ್ದ. ಅಕ್ಕ ಅರಿಸಿನವನ್ನು ನೀರಲ್ಲಿ ಕಲಸಿ, ಪಕ್ಕದ ಗಾಜಿನ ಬಾಗಿಲ ಮೇಲೆ ಬೆರಳಿನಿಂದ ಸ್ವಸ್ತಿಕ ಬರೆದಳು. ನೆತ್ತಿಯ ಮೇಲೆ ಒಂದು ಹಿತ್ತಾಳೆ ತಟ್ಟೆ ಇಟ್ಟು, ಅಕ್ಷತೆ ಮತ್ತು ಭಂಡಾರವನ್ನು ಅದರಲ್ಲೇ ಹಾಕಿದಳು. ಆರತಿ ಮುಗಿದ ಮೇಲೆ ತಟ್ಟೆಯನ್ನು ಅಳಿಯ ಎರಡೂ ಕೈಯಲ್ಲಿ ಎತ್ತಿ ದೇವರ ಮನೆಗೆ ಒಯ್ದ.